ಐರನ್ ನೆಟ್ಟಗೆ, ಡ್ರೈವರ್ ಪಕ್ಕದ ಫೇರ್‌ವೇಗೆ: ಸ್ವಿಂಗನ್ನೇ ಬದಲಿಸಬೇಕೇ?

ಪ್ರಶ್ನೆ: "ವಯಸ್ಸು 49, ಊರು ಬೆಂಗಳೂರು, ಮನೆ ಜೆ.ಪಿ. ನಗರ. ಬಲಗೈ ಗಾಲ್ಫ್ ಆಟಗಾರ, ಹ್ಯಾಂಡಿಕ್ಯಾಪ್ 22. ತೂಕವನ್ನು ಎಡಗಾಲ ಮೇಲೆಯೇ ಇಟ್ಟುಕೊಂಡು ಹೊಡೆಯುವ 'ಸ್ಟ್ಯಾಕ್ ಅಂಡ್ ಟಿಲ್ಟ್' ಪದ್ಧತಿಯನ್ನು ವಿಡಿಯೋ ನೋಡಿ ಕಲಿತೆ. ಐರನ್‌ಗಳು (ನೆಲದ ಮೇಲಿನ ಚೆಂಡಿಗೆ ಬಳಸುವ ಕ್ಲಬ್ಬುಗಳು) ಅದರಿಂದಲೇ ದಾರಿಗೆ ಬಂದವು. 7 ಐರನ್ 140 ಗಜ, ಹೆಚ್ಚುಕಡಿಮೆ ನೆಟ್ಟಗೆ. ದೂರ ಹೊಡೆಯುವ ಉದ್ದದ ಕ್ಲಬ್ಬಾದ ಡ್ರೈವರ್ ಹಿಡಿದರೆ ಮಾತ್ರ ಚೆಂಡು ಎಡಕ್ಕೆ ಹೊರಟು, ಬಲಕ್ಕೆ ಬಾಗಿ, ಪಕ್ಕದ ಫೇರ್‌ವೇ ಸೇರುತ್ತದೆ. ಆಗಾಗ ನೆತ್ತಿಯ ಮೇಲೆ ಹಾರಿ ಕ್ಲಬ್‌ಹೆಡ್ಡಿನ ಮೇಲ್ಭಾಗದಲ್ಲಿ ಬಿಳಿ ಗೀರು ಬೀಳುತ್ತದೆ. ಐದಾರಕ್ಕೊಂದು ಎಡಕ್ಕೆ ಸುತ್ತಿಕೊಂಡು ಹೋಗುವುದೂ ಉಂಟು. ಹೊಡೆತ ಅಳೆಯುವ ಲಾಂಚ್ ಮಾನಿಟರ್ ಕೊಟ್ಟ ಸರಾಸರಿ: ಕ್ಲಬ್ ವೇಗ ಗಂಟೆಗೆ 88 ಮೈಲಿ, ಚೆಂಡಿನ ವೇಗ 121, ಅಟ್ಯಾಕ್ ಆಂಗಲ್ (ತಗಲುವಾಗ ಕ್ಲಬ್ ಇಳಿಯುವ ಇಲ್ಲವೇ ಏರುವ ಕೋನ, ಮೈನಸ್ ಅಂದರೆ ಕೆಳಮುಖ) −5, ಪಾಥ್ (ಕ್ಲಬ್ ಸಾಗುವ ದಿಕ್ಕು, ಮೈನಸ್ ಅಂದರೆ ಎಡಕ್ಕೆ) −6, ಫೇಸ್ (ಕ್ಲಬ್ಬಿನ ಮುಖ ನೋಡುವ ದಿಕ್ಕು) −2, ಸ್ಪಿನ್ ನಿಮಿಷಕ್ಕೆ 4100 ಸುತ್ತು, ಕ್ಯಾರಿ (ಚೆಂಡು ಗಾಳಿಯಲ್ಲಿ ಹಾರಿದ ದೂರ) 168 ಗಜ. ಡ್ರೈವರ್ 10.5 ಡಿಗ್ರಿ, ರೆಗ್ಯುಲರ್ ಶಾಫ್ಟ್, 45.5 ಅಂಗುಲ. ಜೊತೆಗಾರರಲ್ಲಿ ಒಬ್ಬರು 'ತಲೆ ಎತ್ತಬೇಡಿ' ಅಂದರೆ ಇನ್ನೊಬ್ಬರು 'ಮಣಿಕಟ್ಟು ತಿರುಗಿಸಿ' ಅನ್ನುತ್ತಾರೆ, ಮತ್ತೊಬ್ಬರು 'ಮೇಲಕ್ಕೆ ಹೊಡೀರಿ' ಅನ್ನುತ್ತಾರೆ. ಕ್ಯಾಡಿ 'ಎಡಕ್ಕೆ ನಿಂತ್ಕೊಳ್ಳಿ ಸಾರ್' ಅನ್ನುತ್ತಾನೆ. ಈ ಪದ್ಧತಿಯನ್ನೇ ಬಿಡಬೇಕೇ? ಡ್ರೈವರಿಗೆ ಬೇರೆ ಸ್ವಿಂಗ್ ಕಲಿಯಬೇಕೇ? ಇಲ್ಲ, ಕ್ಲಬ್ ಬದಲಿಸಬೇಕೇ? ಸೊಂಟ ಹಿಡಿದುಕೊಳ್ಳುವ ತೊಂದರೆಯೂ ಸ್ವಲ್ಪ ಇದೆ."

ಉತ್ತರ:

ಐರನ್ ಸರಿಮಾಡಿದ ಸ್ವಿಂಗೇ ಡ್ರೈವರನ್ನು ಕೆಡಿಸುತ್ತಿದೆ, ಒಂದು ಉಳಿಯಬೇಕಾದರೆ ಇನ್ನೊಂದನ್ನು ಬಿಡಬೇಕು ಎಂಬುದು ನಿಮ್ಮ ಅಳುಕು. ಹಾಗೇನೂ ಇಲ್ಲ. ಸ್ವಿಂಗ್ ಬಹುಪಾಲು ಹಾಗೆಯೇ ಇರಲಿ. ಚೆಂಡಿನ ಮುಂದೆ ನೀವು ನಿಲ್ಲುವ ಬಗೆ ಬದಲಾಗಬೇಕು. ಅಂಕಿಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಅವು ಇಲ್ಲದಿದ್ದರೆ ನಾನೂ ನಿಮ್ಮ ಜೊತೆಗಾರರ ಸಾಲಿಗೆ ಸೇರಿ ಐದನೆಯ ಊಹೆಯೊಂದನ್ನು ಹೇಳುತ್ತಿದ್ದೆ. ಆ ನಾಲ್ಕು ಸಲಹೆಗಳಲ್ಲಿ ಎರಡು ನಿಮ್ಮ ಸ್ಲೈಸನ್ನು, ಅಂದರೆ ಚೆಂಡು ಬಲಕ್ಕೆ ಬಾಗುವುದನ್ನು, ಹೆಚ್ಚಿಸುವಂಥವು, ಒಂದು ನಿಮ್ಮ ಎಡಗಡೆಯ ಹೊಡೆತಗಳಿಗೆ ಕಾರಣ, ಉಳಿದದ್ದು ಅರ್ಧ ಸತ್ಯ.

ಜೋಕಾಲಿಯನ್ನು ನೆನಪಿಸಿಕೊಳ್ಳಿ. ಇಳಿದು ಬಂದು ನೆಲಕ್ಕೆ ತೀರ ಹತ್ತಿರವಾಗುವ ಒಂದು ತಾಣ, ಅಲ್ಲಿಂದ ಮುಂದೆ ಏರು. ಗಾಲ್ಫ್ ಕ್ಲಬ್ಬಿನ ಚಲನೆಯೂ ಅಷ್ಟೇ. ಐರನ್‌ನಲ್ಲಿ ಚೆಂಡನ್ನು ಆ ತಳಬಿಂದುವಿಗೆ ಮುಂಚೆಯೇ, ಕ್ಲಬ್ ಇನ್ನೂ ಇಳಿಯುತ್ತಿರುವಾಗ ಹೊಡೆಯಬೇಕು. ಡಿವಟ್ (ಕ್ಲಬ್ ನೆಲ ಕೆರೆದ ಗುರುತು) ಚೆಂಡಿನ ಮುಂದೆ ಬೀಳುವುದು ಅದಕ್ಕೆ. ಟೀ (ಚೆಂಡನ್ನು ಎತ್ತಿ ಹಿಡಿಯುವ ಮೊಳೆ) ಮೇಲಿಂದ ಹೊಡೆಯುವ ಡ್ರೈವರ್ ಒಂದರಲ್ಲಿ ಮಾತ್ರ ತಳಬಿಂದು ದಾಟಿದ ಮೇಲೆ, ಕ್ಲಬ್ ಏರಲು ತೊಡಗಿದಾಗ ಚೆಂಡು ಸಿಗಬೇಕು. ತೂಕವನ್ನು ಎಡಗಾಲ ಮೇಲಿಡುವ ಪದ್ಧತಿ ಮಾಡುವ ಮುಖ್ಯ ಉಪಕಾರವೆಂದರೆ ತಳಬಿಂದುವನ್ನು ಎಡಕ್ಕೆ, ಚೆಂಡಿನ ಮುಂದಕ್ಕೆ ತಳ್ಳಿ ಅಲ್ಲೇ ಕಟ್ಟಿಹಾಕುವುದು. ನಿಮ್ಮ 7 ಐರನ್ ಅದರಿಂದಲೇ ಸ್ವಚ್ಛವಾಗಿ ತಗಲುತ್ತಿದೆ, ಡ್ರೈವರ್ 5 ಡಿಗ್ರಿ ಕೆಳಮುಖವಾಗಿ ಬೀಳುತ್ತಿರುವುದೂ ಅದರಿಂದಲೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದೇ ಗುಣ ಎರಡು ಕ್ಲಬ್ಬುಗಳಲ್ಲಿ ಎರಡು ದಿಕ್ಕಿಗೆ ಎಳೆಯುತ್ತಿದೆ.

ಇಷ್ಟನ್ನು ಅನೇಕರು ಹೇಳುತ್ತಾರೆ. ಇಷ್ಟಕ್ಕೇ ನಿಲ್ಲಿಸಿ 'ಹಾಗಾದರೆ ಚೆಂಡು ಮುಂದಿಟ್ಟು ಮೇಲಕ್ಕೆ ಹೊಡೀರಿ' ಅನ್ನುವುದರಿಂದಲೇ ಕಷ್ಟ ಶುರುವಾಗುವುದು. ಕ್ಲಬ್ ಸುತ್ತುವ ಚಕ್ರ ಜೋಕಾಲಿಯ ಹಾಗೆ ನೆಟ್ಟಗೆ ನಿಂತಿಲ್ಲ, ಓರೆಯಾಗಿದೆ. ಒಂದು ಹಳೆಯ ಸೈಕಲ್ ರಿಮ್ ಅನ್ನು ನಿಮ್ಮ ಕಡೆಗೆ ಒರಗಿಸಿ ಹಿಡಿದು ಅದರ ಮೇಲೆ ಬೆರಳು ಓಡಿಸಿ ನೋಡಿ. ಬಲಗಡೆಯಿಂದ ತಳಕ್ಕೆ ಬರುವಾಗ ಬೆರಳು ಕೆಳಕ್ಕೂ ನಿಮ್ಮಿಂದ ಆಚೆಗೂ ಹೋಗುತ್ತದೆ. ತಳ ದಾಟಿದ ಮೇಲೆ ಮೇಲಕ್ಕೂ ನಿಮ್ಮ ಕಡೆಗೂ, ಅಂದರೆ ಗುರಿಯಿಂದ ಎಡಕ್ಕೂ ಬರುತ್ತದೆ. ಹಾಗಾಗಿ ಒಂದೇ ಚಕ್ರದಲ್ಲಿ ಚೆಂಡನ್ನು ತಳಕ್ಕಿಂತ ಮೊದಲು ಹೊಡೆದರೆ ಪಾಥ್ ಬಲಕ್ಕೆ ವಾಲುತ್ತದೆ, ತಳ ದಾಟಿದ ಮೇಲೆ ಹೊಡೆದರೆ ಎಡಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ ಅನ್ನುವುದು ರಿಮ್ ಎಷ್ಟು ಒರಗಿದೆ ಅನ್ನುವುದರ ಮೇಲಿದೆ. 7 ಐರನ್‌ನ ಚಕ್ರ ನೆಲಕ್ಕೆ ಸುಮಾರು 60 ಡಿಗ್ರಿಯಲ್ಲಿರುತ್ತದೆ. ಅಲ್ಲಿ ಅಟ್ಯಾಕ್ ಆಂಗಲ್ 1 ಡಿಗ್ರಿ ಬದಲಾದರೆ ಪಾಥ್ ಬದಲಾಗುವುದು ಅರ್ಧ ಡಿಗ್ರಿಯಷ್ಟು. ಉದ್ದದ ಡ್ರೈವರಿನ ಚಕ್ರ 45ರಿಂದ 50 ಡಿಗ್ರಿಗೆ ಒರಗುತ್ತದೆ. ಅಲ್ಲಿ ಲೆಕ್ಕ ಹತ್ತಿರಹತ್ತಿರ ಒಂದಕ್ಕೊಂದು.

ಈಗ ನಿಮ್ಮ ಕಾಗದ ನೋಡೋಣ. ಅಟ್ಯಾಕ್ −5 ಇರುವುದರಿಂದ ಪಾಥ್ ಸುಮಾರು 5 ಡಿಗ್ರಿ ಬಲಕ್ಕೆ ತಿರುಗಿದೆ. ಹಾಗಿದ್ದೂ ಅದು −6, ಅಂದರೆ ಎಡಕ್ಕೇ ಇದೆ. ಹಾಗಾದರೆ ನಿಮ್ಮ ಚಕ್ರವೇ ಗುರಿಯಿಂದ ಸುಮಾರು 11 ಡಿಗ್ರಿ ಎಡಕ್ಕೆ ತಿರುಗಿ ಕೂತಿದೆ. ಗಡಿಯಾರದ ಮುಖದಲ್ಲಿ ಎರಡು ನಿಮಿಷದ ಗೆರೆಗಳಿಗೆ 12 ಡಿಗ್ರಿ, ಹೆಚ್ಚುಕಡಿಮೆ ಅಷ್ಟು. ಈ ಸ್ಥಿತಿಯಲ್ಲಿ ಬೇರೇನನ್ನೂ ಮುಟ್ಟದೆ ನೀವು 'ಮೇಲಕ್ಕೆ ಹೊಡೀರಿ' ಎಂಬ ಮಾತು ಕೇಳಿ 3 ಡಿಗ್ರಿ ಮೇಲ್ಮುಖವಾಗಿ ಹೊಡೆಯಲು ಗೆದ್ದಿರಿ ಅನ್ನಿ. ಪಾಥ್ −14ಕ್ಕೆ ಹೋಗುತ್ತದೆ. ಸ್ಲೈಸ್ ಇನ್ನೂ ದೊಡ್ಡದಾಗುತ್ತದೆ. ಮೊದಲು ಚಕ್ರ ಬಲಕ್ಕೆ ತಿರುಗಬೇಕು, ಆಮೇಲೆ ಏರಿಕೆಯ ಮಾತು. ಈ ಅನುಕ್ರಮ ತಪ್ಪಿದ್ದರಿಂದಲೇ ಎಷ್ಟೋ ಜನ ಆರು ತಿಂಗಳು ಒದ್ದಾಡಿ ಡ್ರೈವರನ್ನು ಮೂಲೆಗಿಡುತ್ತಾರೆ.

ಚಕ್ರ ಎಡಕ್ಕೆ ತಿರುಗಿದ್ದೇಕೆ? ಕಾರಣ ಸಾಮಾನ್ಯವಾಗಿ ಸ್ವಿಂಗ್ ಶುರುವಾಗುವ ಮೊದಲೇ ಇರುತ್ತದೆ. ಚೆಂಡನ್ನು ಎಡಹಿಮ್ಮಡಿಯ ನೇರಕ್ಕೆ ಇಟ್ಟು, ಐರನ್ ಅಭ್ಯಾಸದಂತೆ ಎದೆಯನ್ನು ಎಡಗಾಲ ಮೇಲೆ ಇಟ್ಟುಕೊಂಡೇ ಕ್ಲಬ್ಬನ್ನು ಚೆಂಡಿಗೆ ತಾಗಿಸಲು ಹೋದಾಗ ಬಲಭುಜ ಮುಂದಕ್ಕೆ ಬರುತ್ತದೆ, ಭುಜಗಳ ಸಾಲು ಎಡಕ್ಕೆ ತೆರೆದುಕೊಳ್ಳುತ್ತದೆ. ಕೈಗಳು ಭುಜದ ಸಾಲನ್ನೇ ಹಿಂಬಾಲಿಸುತ್ತವೆ. ಅದರ ಮೇಲೆ ಚೆಂಡು ಬಲಕ್ಕೆ ಹೋಗುತ್ತದೆಂಬ ಭಯಕ್ಕೆ ನೀವು ಎಡಕ್ಕೆ ತಿರುಗಿ ನಿಂತರೆ ಅದು ಗಾಯದ ಮೇಲಿನ ಬರೆ. ನಿಮ್ಮ ಕ್ಯಾಡಿಯ ಸಲಹೆ ಆ ದಿನದ ರೌಂಡ್ ಉಳಿಸಬಹುದು, ಅದರಲ್ಲಿ ಅವನ ತಪ್ಪಿಲ್ಲ. ಆದರೆ ಪ್ರತಿ ಸಲ ಎಡಕ್ಕೆ ನಿಂತಂತೆ ಪಾಥ್ ಇನ್ನಷ್ಟು ಎಡಕ್ಕೆ ಹೋಗುತ್ತದೆ, ಸ್ಲೈಸ್ ಅದಕ್ಕೆ ತಕ್ಕಂತೆ ಬೆಳೆಯುತ್ತದೆ.

'ಮಣಿಕಟ್ಟು ತಿರುಗಿಸಿ' ಅನ್ನುವ ಸಲಹೆ ಬರುವುದು ಸ್ಲೈಸ್ ಅಂದರೆ ಕ್ಲಬ್ಬಿನ ಮುಖ ತೆರೆದಿದೆ ಎಂಬ ಹಳೆಯ ನಂಬಿಕೆಯಿಂದ. ಚೆಂಡು ಪಾಥ್ ಇರುವ ಕಡೆ ಹೊರಟು ಮುಖ ನೋಡುವ ಕಡೆ ಬಾಗುತ್ತದೆ ಎಂದು ಮೊದಲು ಕಲಿಸುತ್ತಿದ್ದರು. ರಾಡಾರ್ ಅಳತೆ ಬಂದ ಮೇಲೆ ಅದು ತಲೆಕೆಳಗಾಗಿದೆ: ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಮುಖವೇ ನಿರ್ಧರಿಸುತ್ತದೆ, ಬಾಗುವುದು ಮುಖಕ್ಕೂ ಪಾಥ್‌ಗೂ ನಡುವಿನ ಅಂತರದಿಂದ. ನಿಮ್ಮ ಮುಖ −2, ಅಂದರೆ ಗುರಿಗಿಂತ ಸ್ವಲ್ಪ ಎಡಕ್ಕೇ ನೋಡುತ್ತಿದೆ. ಪಾಥ್‌ಗೆ ಹೋಲಿಸಿದರೆ ಮಾತ್ರ ಅದು 4 ಡಿಗ್ರಿ ತೆರೆದಿದೆ. ಮಣಿಕಟ್ಟು ತಿರುಗಿಸಿದ ದಿನ ಮುಖ −7, −8 ಆಗಿ, ಚೆಂಡು ಎಡಕ್ಕೆ ಹೊರಟು ಇನ್ನೂ ಎಡಕ್ಕೆ ಸುತ್ತುತ್ತದೆ. ನಿಮ್ಮ ಐದಾರಕ್ಕೊಂದು ಹೊಡೆತ ಅದೇ. ಗ್ರಿಪ್ ಮತ್ತು ಮಣಿಕಟ್ಟನ್ನು ಸದ್ಯಕ್ಕೆ ಮುಟ್ಟಬೇಡಿ.

ತಲೆಯ ವಿಚಾರ ಅರ್ಧ ಸರಿ. ಡ್ರೈವರಿನಲ್ಲಿ ತಲೆ ಚೆಂಡಿನ ಹಿಂದೆ ಉಳಿಯಬೇಕು, ನಿಜ. ಕೆಳಗೆ ಒತ್ತಿ ಹಿಡಿಯುವುದು ಬೇರೆ ಸಂಗತಿ. ಹಾಗೆ ಹಿಡಿದರೆ ಎದೆ ತಿರುಗದೆ ಕೈಗಳು ಮಾತ್ರ ಅಡ್ಡ ಬರುತ್ತವೆ. ಅನಿಕಾ ಸೋರೆನ್‌ಸ್ಟಾಮ್, ಡೇವಿಡ್ ಡುವಾಲ್ ಇಬ್ಬರೂ ಚೆಂಡು ತಗಲುವ ಹೊತ್ತಿಗಾಗಲೇ ಮುಖವನ್ನು ಗುರಿಯ ಕಡೆ ತಿರುಗಿಸಿರುತ್ತಿದ್ದರು, ಇಬ್ಬರೂ ವಿಶ್ವದ ಅಗ್ರಸ್ಥಾನಕ್ಕೇರಿದವರು. ತಲೆ ತಿರುಗಲಿ, ಎಡಕ್ಕೆ ಜಾರದಿರಲಿ.

ನೆತ್ತಿಯ ಮೇಲೆ ಹಾರುವ ಚೆಂಡಿಗೂ ಕ್ಲಬ್ಬಿನ ಮೇಲಿನ ಬಿಳಿ ಗೀರಿಗೂ ಎಲ್ಲರೂ ದೂರುವುದು ಟೀ ಎತ್ತರವನ್ನು. ಕಡಿದಾಗಿ ಇಳಿಯುವ ಕ್ಲಬ್ ಚೆಂಡಿನ ಅಡಿಗೆ ನುಗ್ಗಿ ಮೇಲಂಚಿನಿಂದ ತಾಗುವುದರಿಂದ ಹಾಗಾಗುತ್ತದೆ. ಟೀ ತಗ್ಗಿಸಿದರೆ ಗೀರು ನಿಲ್ಲುತ್ತದೆ. ಆದರೆ ತಗ್ಗಿನ ಚೆಂಡನ್ನು ಕಂಡ ದೇಹ ಇನ್ನೂ ಕಡಿದಾಗಿ ಇಳಿಯುತ್ತದೆ, ತಾಗುವ ಜಾಗ ಮುಖದ ಕೆಳಭಾಗಕ್ಕೆ ಬಂದು ಸ್ಪಿನ್ ಏರುತ್ತದೆ. ಹೀಗೆ ರೋಗ ಗುಣವಾಗದೆ ಗುರುತು ಮಾತ್ರ ಅಳಿಸಿಹೋಗುತ್ತದೆ.

ಇನ್ನು ಮಾಡಬೇಕಾದ್ದು. ಮುಂಚೆಯೇ ಒಂದು ಲೆಕ್ಕ ಹೇಳಿಬಿಡುತ್ತೇನೆ, ಬರೀ ಚೆಂಡಿನ ಜಾಗ ಬದಲಿಸಿ ಸುಮ್ಮನಾಗದಿರಲಿ ಅಂತ. ಡ್ರೈವರಿನ ಚಕ್ರದ ಅಳತೆಗೆ, ಚೆಂಡನ್ನು 1 ಅಂಗುಲ ಮುಂದಿಟ್ಟರೆ ಅಟ್ಯಾಕ್ ಆಂಗಲ್ ಬದಲಾಗುವುದು ಸುಮಾರು ಮುಕ್ಕಾಲು ಡಿಗ್ರಿ ಮಾತ್ರ. −5ರಿಂದ +2ಕ್ಕೆ ಬರಬೇಕಾದರೆ 9–10 ಅಂಗುಲ ಮುಂದಿಡಬೇಕು. ಅಷ್ಟು ಮುಂದಿಟ್ಟರೆ ಚೆಂಡು ನಿಮ್ಮ ಎಡಪಾದವನ್ನೇ ದಾಟಿಹೋಗುತ್ತದೆ. ಚೆಂಡಿನಿಂದ ಒಂದೆರಡು ಅಂಗುಲ ಸಿಗಬಹುದು, ಉಳಿದದ್ದು ನಿಮ್ಮ ಎದೆ ಹಿಂದೆ ಉಳಿಯುವುದರಿಂದಲೇ ಬರಬೇಕು.

ಮೊದಲ ವಾರ ದಿಕ್ಕು ಮಾತ್ರ. ಪಾದಗಳನ್ನು ಭುಜಗಳಿಗಿಂತ ತುಸು ಅಗಲವಾಗಿ, ಹಿಮ್ಮಡಿಗಳ ನಡುವೆ ಸುಮಾರು 48 ಸೆಂ.ಮೀ. ಇರುವಂತೆ ಇಟ್ಟು, ಬಲಪಾದವನ್ನು 1 ಅಂಗುಲ ಹಿಂದಕ್ಕೆ ಎಳೆದುಕೊಳ್ಳಿ. ಅಷ್ಟಕ್ಕೇ ಪಾದಗಳ ಸಾಲು 3 ಡಿಗ್ರಿ ಬಲಕ್ಕೆ ತಿರುಗುತ್ತದೆ. 200 ಗಜದಾಚೆ ಅದು 10 ಗಜ ಬಲಕ್ಕೆ. ಪಾದ ತಿರುಗಿತು, ಭುಜ ತಿರುಗಲಿಲ್ಲ ಅನ್ನುವುದು ತುಂಬ ಸಾಮಾನ್ಯ ತಪ್ಪು. ಒಂದು ಕ್ಲಬ್ಬನ್ನು ಎರಡೂ ಭುಜಗಳಿಗೆ ತಾಗುವಂತೆ ಎದೆಗೆ ಅಡ್ಡ ಹಿಡಿದು, ಅದೂ ಪಾದಗಳ ಸಾಲಿಗೆ ಸಮನಾಗಿದೆಯೇ ಎಂದು ಪಕ್ಕದವರನ್ನು ನೋಡಲು ಹೇಳಿ. ಮೊದಮೊದಲು ನೀವು ಬೌಂಡರಿ ಬೇಲಿಯ ಕಡೆ ನಿಂತ ಹಾಗೆ ಅನಿಸುತ್ತದೆ, ಸಹಿಸಿಕೊಳ್ಳಿ. ಬಟ್ಟೆಯ ಹೆಡ್‌ಕವರ್ ಒಂದನ್ನು ಚೆಂಡಿನ ಹಿಂದೆ 30 ಸೆಂ.ಮೀ. ದೂರದಲ್ಲಿ, ಅದರ ಒಳ ಅಂಚು ಗುರಿರೇಖೆಯಿಂದ 10 ಸೆಂ.ಮೀ. ಆಚೆಗೆ ಬರುವಂತೆ ಇಡಿ. ಚಕ್ರ ಎಡಕ್ಕೆ ತಿರುಗಿದ್ದರೆ ಕ್ಲಬ್ ಬರುವಾಗ ಅದಕ್ಕೆ ತಾಗುತ್ತದೆ. ತಾಗದೆ ಹೋದರೆ ದಿಕ್ಕು ಸರಿಯಾಗುತ್ತಿದೆ. ಈ ವಾರ ಚೆಂಡು ಎಷ್ಟು ದೂರ ಹೋಯಿತೆಂದು ನೋಡಲೇಬೇಡಿ.

ಎರಡನೆಯದು ಓರೆ. ನಿಮ್ಮ ಪದ್ಧತಿಯನ್ನು ಡ್ರೈವರಿಗೆ ಹೊಂದಿಸುವ ಕೀಲಿ ಇಲ್ಲಿದೆ, ಹಾಗಾಗಿ ನಿಧಾನವಾಗಿ ಓದಿ. ಐರನ್‌ನಲ್ಲಿ ನಿಮ್ಮ ಸೊಂಟವೂ ಎದೆಯೂ ಎರಡೂ ಎಡಗಾಲ ಮೇಲೆ, ಒಂದರ ಮೇಲೊಂದು ಪೇರಿಸಿದ ಹಾಗೆ ಇರುತ್ತವೆ. ಡ್ರೈವರಿನಲ್ಲಿ ಸೊಂಟ ಎಡದಲ್ಲೇ ಇರಲಿ, ಎದೆಯನ್ನು ಮಾತ್ರ ಅಲ್ಲಿಂದ ಬಿಡಿಸಿ ಹಿಂದಕ್ಕೆ ತನ್ನಿ. ಮಾಡುವ ಬಗೆ: ಎಡಗೈಯಲ್ಲಿ ಕ್ಲಬ್ ಹಿಡಿದು ನಿಂತು, ಬಲಗೈಯನ್ನು ಬಲತೊಡೆಯ ಪಕ್ಕದಲ್ಲೇ ಜಾರಿಸುತ್ತ ಮೊಣಕಾಲಿನ ಹೊರಬದಿಯನ್ನು ಬೆರಳತುದಿಯಿಂದ ಮುಟ್ಟಿ. ಮುಂದಕ್ಕೆ ಬಾಗಬೇಡಿ, ಪಕ್ಕಕ್ಕೆ ಮಾತ್ರ ವಾಲಿ. ಎದೆಮೂಳೆ ಎರಡು ಮೂರು ಅಂಗುಲ ಹಿಂದಕ್ಕೆ ಬಂದಿರುತ್ತದೆ, ಬಲಭುಜ ಎಡಭುಜಕ್ಕಿಂತ ಎದ್ದುಕಾಣುವಷ್ಟು ಕೆಳಗಿರುತ್ತದೆ. ಆ ಓರೆಯನ್ನು ಹಾಗೇ ಉಳಿಸಿಕೊಂಡು ಬಲಗೈಯನ್ನು ಗ್ರಿಪ್ಪಿಗೆ ತನ್ನಿ. ತೂಕ ಎರಡೂ ಪಾದಗಳಿಗೆ ಸಮ. ಐರನ್‌ನಂತೆ ಎಡಕ್ಕೆ ಒತ್ತುವುದು ಬೇಡ. ಕೈಗಳು ಪ್ಯಾಂಟಿನ ಜಿಪ್ಪಿನ ನೇರಕ್ಕಿರಲಿ. ಐರನ್ ಆಡಿದ ಕೈ ತಾನಾಗಿ ಎಡತೊಡೆಯ ಕಡೆ ಹೋಗುತ್ತದೆ, ಹೋದರೆ ಲಾಫ್ಟ್ (ಮುಖ ಹಿಂದಕ್ಕೆ ಒರಗಿದ ಕೋನ) ಕಡಿಮೆಯಾಗಿ ಕ್ಲಬ್ ಮತ್ತೆ ಕಡಿದಾಗಿ ಇಳಿಯುತ್ತದೆ. ಚೆಂಡು ಎಡಹಿಮ್ಮಡಿಯ ಒಳ ಅಂಚಿನ ನೇರಕ್ಕೆ. ಎಡಪಾದದ ಬೆರಳುಗಳು ಗುರಿಯ ಕಡೆಗೆ 25–30 ಡಿಗ್ರಿ ತೆರೆದಿರಲಿ. ಸೊಂಟ ತಿರುಗಲು ದಾರಿಯಾಗುತ್ತದೆ, ಮೊಣಕಾಲಿನ ಮೇಲೂ ಭಾರ ಕಡಿಮೆ.

ಹಿಂದಕ್ಕೆ ಎತ್ತುವಾಗ ಎಡಭುಜ ಕೆಳಕ್ಕಿಳಿಯುವ ನಿಮ್ಮ ಅಭ್ಯಾಸ ಇರಲಿ. ತಲೆ ಮಾತ್ರ ಗುರಿಯ ಕಡೆ ಸರಿಯಬಾರದು. ಈ ಪದ್ಧತಿಯನ್ನು ವಿಡಿಯೋದಲ್ಲಿ ಕಲಿತವರಲ್ಲಿ ಬಹುಪಾಲು ಮಂದಿ 'ತೂಕ ಎಡಕ್ಕೆ' ಅನ್ನುವುದನ್ನು 'ತಲೆ ಎಡಕ್ಕೆ' ಎಂದು ಮಾಡಿಕೊಂಡಿರುತ್ತಾರೆ. ಐರನ್‌ನಲ್ಲಿ ಅದು ದಕ್ಕುತ್ತದೆ, ಡ್ರೈವರಿನಲ್ಲಿ ದಕ್ಕುವುದಿಲ್ಲ. ಪರೀಕ್ಷೆಗೆ ಬೆಳಗಿನ ಬಿಸಿಲೇ ಸಾಕು: ಸೂರ್ಯ ಬೆನ್ನಿಗಿರುವಂತೆ ನಿಂತು, ಎದುರಿಗೆ ಬಿದ್ದ ತಲೆಯ ನೆರಳಿನ ಎಡ ಅಂಚಿಗೆ ಒಂದು ಟೀ ಚುಚ್ಚಿ, ಚೆಂಡಿಲ್ಲದೆ ಬೀಸಿ. ಕ್ಲಬ್ ಹಿಂದೆ ಎತ್ತಿದಾಗಲೂ ಇಳಿದು ಬರುವಾಗಲೂ ನೆರಳು ಆ ಟೀಯನ್ನು ದಾಟಬಾರದು. ಇಳಿಯುವಾಗ ಸೊಂಟವನ್ನು ಗುರಿಯ ಕಡೆಗೆ ತಳ್ಳಿ, ತಲೆಯನ್ನು ಇದ್ದಲ್ಲೇ ಬಿಡಿ. ಓರೆ ಆಗ ತಾನಾಗಿ ಹೆಚ್ಚುತ್ತದೆ, ಕ್ಲಬ್ ತಾನಾಗಿ ಏರುತ್ತದೆ. ಕೈಯಿಂದ ಎತ್ತುವ ಕೆಲಸವೇ ಇಲ್ಲ.

ಟೀ ಎತ್ತರ: ಕ್ಲಬ್ ನೆಲದ ಮೇಲಿಟ್ಟಾಗ ಚೆಂಡಿನ ಅರ್ಧ ಅದರ ಮೇಲಂಚಿಗಿಂತ ಮೇಲೆ ಕಾಣಬೇಕು. ಚೆಂಡಿನ ವ್ಯಾಸ 42.67 ಮಿ.ಮೀ., ಅದರ ಅರ್ಧ ಅಂದರೆ ಎರಡು ಸೆಂ.ಮೀ. ಚಿಲ್ಲರೆ. ಸಾಮಾನ್ಯ ಡ್ರೈವರಿಗೆ ಟೀ ನೆಲದಿಂದ ಸುಮಾರು ಒಂದೂವರೆ ಅಂಗುಲ ಎದ್ದಿರಬೇಕಾಗುತ್ತದೆ. ಹಾಗಾಗಿ ಎರಡು ಮುಕ್ಕಾಲು ಅಂಗುಲದ ಟೀ ತನ್ನಿ, ಚಿಕ್ಕದು ಬೇಡ. ಗೀರು ಬೀಳುತ್ತದೆಂಬ ಹೆದರಿಕೆಗೆ ಮೊದಲ ಎರಡು ವಾರ ಮೇಲ್ಭಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೂ ಆದೀತು, ರೇಂಜಿನಲ್ಲಿ ಮಾತ್ರ.

ಏರಿಕೆ ಬಂದಿದೆಯೋ ಇಲ್ಲವೋ ತಿಳಿಯಲು ಖಾಲಿ ಬೆಂಕಿಪೊಟ್ಟಣವೊಂದನ್ನು ಚೆಂಡಿನಿಂದ 30 ಸೆಂ.ಮೀ. ಮುಂದೆ, ಅಡ್ಡಮಗ್ಗುಲಾಗಿ ನಿಲ್ಲಿಸಿ. ಏರುತ್ತಿರುವ ಕ್ಲಬ್ ಅದರ ಮೇಲಿಂದ ಹೋಗುತ್ತದೆ, ಇಳಿಯುತ್ತಿರುವುದು ಅದನ್ನು ಹಾರಿಸುತ್ತದೆ. ತಗಲುವ ಜಾಗ ನೋಡಲು ಕ್ಲಬ್ಬಿನ ಮುಖವನ್ನು ಒರೆಸಿ ಪೌಡರ್ ಸವರಿ. ಗುರುತು ಹಿಮ್ಮಡಿ ಕಡೆ, ಅಂದರೆ ಶಾಫ್ಟಿನ ಪಕ್ಕ ಬೀಳುತ್ತಿದ್ದರೆ ಪಾಥ್ ಸರಿಯಾದ ಮೇಲೂ ಚೆಂಡು ಬಲಕ್ಕೆ ಬಾಗುತ್ತದೆ. ಡ್ರೈವರಿನ ತಲೆಯ ಭಾರ ಮುಖದಿಂದ ಹಿಂದೆ ಇರುವುದರ ಪರಿಣಾಮ ಅದು. ಆಗ ಅರ್ಧ ಅಂಗುಲ ದೂರ ನಿಲ್ಲಿ.

ರೇಂಜಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಬಹಳ ಕಡೆ ಮ್ಯಾಟಿನ ಮೇಲೆ ಒಂದೇ ಎತ್ತರದ ರಬ್ಬರ್ ಟೀ ಇರುತ್ತದೆ. ಅದು ನಿಮ್ಮ ಕ್ಲಬ್ಬಿಗೆ ಎಷ್ಟು ಎತ್ತರ ಎಂದು ಮೊದಲೇ ಇಟ್ಟು ನೋಡಿ. ತಗ್ಗಿದ್ದರೆ ಆ ಕಟ್ಟೆ ಬಿಟ್ಟು ಹುಲ್ಲಿನ ಕಡೆ ಹೋಗಿ ಅಥವಾ ಎತ್ತರದ ರಬ್ಬರ್ ಟೀ ಕೇಳಿ. 50 ಚೆಂಡಿನ ಬಕೆಟ್ಟಿನಲ್ಲಿ ಡ್ರೈವರಿಗೆ 15 ಸಾಕು, ಅದೂ ಪೂರ್ತಿ ಶಕ್ತಿಯ ಮುಕ್ಕಾಲಿನಲ್ಲಿ. ಮೂರು ಡ್ರೈವರ್, ಎರಡು 7 ಐರನ್, ಮತ್ತೆ ಮೂರು ಡ್ರೈವರ್ ಹೀಗೆ ಕಲಸಿ ಹೊಡೆಯಿರಿ. ಮೈದಾನದಲ್ಲಿ ನಿಮಗೆ ಸಿಗುವುದು ಹಾಗೆಯೇ, ಮತ್ತು ಎರಡು ನಿಲುವುಗಳು ಒಂದಕ್ಕೊಂದು ಬೆರೆಯದಂತೆ ದೇಹ ಕಲಿಯುವುದೂ ಹಾಗೆಯೇ.

ದಾರಿಯಲ್ಲಿ ಹೊಡೆತಗಳು ಕೆಡುತ್ತವೆ. ಕೆಡುವ ಬಗೆಯೇ ನಿಮಗೆ ಸುದ್ದಿ ಹೇಳುತ್ತದೆ. ಚೆಂಡು ಬಲಕ್ಕೆ ಹೊರಟು ಬಾಗದೆ ಬಲಕ್ಕೇ ಹೋದರೆ ಸಂತೋಷಪಡಿ: ಪಾಥ್ ಬಂದಿದೆ, ಮುಖ ಅದರ ಜೊತೆಗೇ ಹೋಗಿದೆ. ಅದು ಹತ್ತಿಪ್ಪತ್ತು ಚೆಂಡುಗಳ ನಂತರವೂ ಉಳಿದರೆ ಮಾತ್ರ ಎಡಗೈ ಗ್ರಿಪ್ಪನ್ನು ಬಲಕ್ಕೆ ಎಳ್ಳಷ್ಟು ತಿರುಗಿಸಿ, ಇನ್ನೊಂದು ಗೆಣ್ಣು ಕಾಣುವಷ್ಟು. ಬಲಕ್ಕೆ ಹೊರಟು ಎಡಕ್ಕೆ ಜೋರಾಗಿ ಬಾಗಿದರೆ ಬಲಪಾದವನ್ನು ಅತಿಯಾಗಿ ಹಿಂದಕ್ಕೆ ಎಳೆದಿದ್ದೀರಿ. ಚೆಂಡಿನ ತಲೆ ಸವರಿ ನೆಲದಲ್ಲೇ ಉರುಳಿದರೆ ಓರೆಯ ಹೆಸರಿನಲ್ಲಿ ಬಲಗಾಲ ಮೇಲೆ ಬಿದ್ದಿದ್ದೀರಿ. ಹೊಡೆದು ಮುಗಿದಾಗ ಬಲಪಾದದ ಬೆರಳತುದಿ ಮಾತ್ರ ನೆಲದಲ್ಲಿರಬೇಕು, ಹಿಮ್ಮಡಿ ಇನ್ನೂ ನೆಲಕ್ಕೆ ಅಂಟಿಕೊಂಡಿದ್ದರೆ ತಪ್ಪು ಅದೇ.

ಸೊಂಟದ ಮಾತು ಇಲ್ಲಿಯೇ ಬರಬೇಕು. ಸೊಂಟ ಮುಂದೆ, ಎದೆ ಹಿಂದೆ ಎಂಬ ಈ ಭಂಗಿ ಬೆನ್ನಿನ ಕೆಳಭಾಗದ ಬಲಮಗ್ಗುಲನ್ನು ಒತ್ತುತ್ತದೆ. ಹೊಡೆದ ಮೇಲೂ ಹಾಗೇ ಹಿಂದಕ್ಕೆ ಬಿಲ್ಲಾಗಿ ನಿಲ್ಲಬೇಡಿ. ಚೆಂಡು ಹೋದ ಮೇಲೆ ಎದೆಯೂ ಎದ್ದು ಎಡಗಾಲ ಮೇಲೆ ಬರಲಿ. ನೋವು ಮರುದಿನವೂ ಉಳಿದರೆ ಓರೆಯನ್ನು ಅರ್ಧಕ್ಕಿಳಿಸಿ, 0 ಡಿಗ್ರಿ ಅಟ್ಯಾಕ್‌ಗೆ ತೃಪ್ತಿಪಡಿ. ನೋವು ಕಾಲಿಗೆ ಇಳಿದರೆ ಕ್ಲಬ್ ಕೆಳಗಿಟ್ಟು ವೈದ್ಯರ ಬಳಿ ಹೋಗಿ.

ಬೇರೆ ದಾರಿಗಳನ್ನೂ ಕೇಳಿದ್ದೀರಿ. ಡ್ರೈವರಿಗೇ ಪ್ರತ್ಯೇಕವಾಗಿ, ತೂಕ ಬಲಗಾಲಿಗೆ ಹೋಗಿ ಮರಳುವ ಸಾಂಪ್ರದಾಯಿಕ ಸ್ವಿಂಗ್ ಕಲಿಯಬಹುದು. ದಿನಾ ಆಡುವವರಿಗೆ ಸರಿ. ತಿಂಗಳಿಗೆ ಒಂದೆರಡು ರೌಂಡ್ ಆಡುವವರಲ್ಲಿ ಅದು ಐರನ್‌ಗೂ ಸೋರಿ, ಚೆಂಡಿಗಿಂತ ಮೊದಲು ನೆಲ ಹೊಡೆಯುವ ಹಳೆಯ ರೋಗ ಮರಳುತ್ತದೆ. ನಿಮ್ಮ ಸೊತ್ತೆಂದರೆ ಐರನ್, ಅದನ್ನು ಒತ್ತೆಯಿಡಬೇಡಿ.

ಕ್ಲಬ್ ಬದಲಿಸುವುದು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ವಿಷಯದಲ್ಲಿ ನೆಲ ತುಸು ಡೊಂಕೇ ಇರಬಹುದು, ಕುಣಿತ ಕಲಿತ ಮೇಲೆ ನೋಡೋಣ. 'ಡ್ರಾ' (ಎಡಕ್ಕೆ ಬಾಗುವ ಹೊಡೆತ) ಎಂದು ಬರೆದ ಡ್ರೈವರುಗಳಲ್ಲಿ ಭಾರವನ್ನು ಹಿಮ್ಮಡಿ ಕಡೆಗಿಟ್ಟಿರುತ್ತಾರೆ, ಮುಖ ಬೇಗ ಮುಚ್ಚಲೆಂದು. ನಿಮ್ಮ ಮುಖ ಈಗಾಗಲೇ ಎಡಕ್ಕಿದೆ; ಅದು ನಿಮಗೆ ಎಡಗಡೆಯ ಹೊಡೆತಗಳನ್ನೇ ಹೆಚ್ಚಿಸುತ್ತದೆ. ಶಾಫ್ಟ್ ತಲೆಗೆ ಸೇರುವ ಕತ್ತಿನ ಸ್ಲೀವ್ ತಿರುಗಿಸಿ ಲಾಫ್ಟ್ ಏರಿಸಿದರೂ ಅದೇ ಕತೆ, ಲಾಫ್ಟ್ ಏರಿದಂತೆ ಮುಖ ಒಳಕ್ಕೆ ತಿರುಗಿ ಕೂರುತ್ತದೆ. ಅಂದಹಾಗೆ ರೌಂಡ್ ನಡುವೆ ಸ್ಲೀವ್ ತಿರುಗಿಸುವುದು ನಿಯಮಬಾಹಿರ. ಉದ್ದ ತಗ್ಗಿಸುವುದರಲ್ಲಿ ಅರ್ಥವಿದೆ, ಆದರೆ ಕತ್ತರಿಸಲು ಓಡಬೇಡಿ. ಶಾಫ್ಟ್ ಅರ್ಧ ಅಂಗುಲ ಕತ್ತರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ತಲೆಯ ಭಾರ ಕೈಗೆ ಅನಿಸುವ ಅಳತೆ) 3 ಅಂಶ ಇಳಿಯುತ್ತದೆ, ತುಂಬಿಕೊಳ್ಳಲು ಕ್ಲಬ್‌ಹೆಡ್ಡಿಗೆ ಸುಮಾರು 6 ಗ್ರಾಂ ಸೇರಿಸಬೇಕು, ಶಾಫ್ಟ್ ತುಸು ಬಿರುಸಾದಂತೆಯೂ ಅನಿಸುತ್ತದೆ. ಒಂದು ತಿಂಗಳು 1 ಅಂಗುಲ ಕೆಳಗೆ ಹಿಡಿದು ಆಡಿ, ಪೌಡರ್ ಗುರುತು ನಡುವಿಗೆ ಬಂದರೆ ಆಗ ಕತ್ತರಿಸಿ. 10.5 ಡಿಗ್ರಿ, ರೆಗ್ಯುಲರ್ ಶಾಫ್ಟ್ ಎರಡೂ ನಿಮ್ಮ 88 ಮೈಲಿಗೆ ಹೊಂದುವಂಥವೇ.

ಡ್ರೈವರನ್ನು ಬ್ಯಾಗಿನಲ್ಲೇ ಬಿಡುವುದೂ ಒಂದು ದಾರಿ, ನಾಚಿಕೆಯ ದಾರಿಯಲ್ಲ. ಸ್ಯಾಂಕಿ ರಸ್ತೆಯ, 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮರಗಳ ನಡುವಿನ ಇಕ್ಕಟ್ಟಿನಲ್ಲಿ 15 ಡಿಗ್ರಿಯ 3 ವುಡ್ (ಡ್ರೈವರಿಗಿಂತ ಗಿಡ್ಡ ಕ್ಲಬ್) ಎಷ್ಟೋ ಹೋಲ್‌ಗಳಿಗೆ ಸರಿಯಾದ ಆಯ್ಕೆ. ಟೀ ನೆಲದಿಂದ 1 ಸೆಂ.ಮೀ. ಎದ್ದರೆ ಸಾಕು, ನಿಮ್ಮ ಇಳಿಮುಖ ಹೊಡೆತ ಅಲ್ಲಿ ಅಷ್ಟೇನೂ ಕೆಡಿಸುವುದಿಲ್ಲ. ಈಗಿನ 168 ಗಜವನ್ನು ಅದು ಕಳೆದುಕೊಳ್ಳದೆ ಕೊಡುತ್ತದೆ. ದೊಮ್ಮಲೂರು ಬದಿಯ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಯಂಥ ಉದ್ದದ ಮೈದಾನದಲ್ಲಿ ಮಾತ್ರ ಎರಡನೇ ಹೊಡೆತಕ್ಕೆ ಮತ್ತೊಂದು ವುಡ್ ಬೇಕಾಗುತ್ತದೆ.

ಎಷ್ಟು ಲಾಭ ನಿರೀಕ್ಷಿಸಬಹುದು? ಅಮೆರಿಕದ ವೃತ್ತಿಪರ ಟೂರ್‌ನ ಪುರುಷರು ಗಂಟೆಗೆ 113–115 ಮೈಲಿ ವೇಗದಲ್ಲಿ ಸರಾಸರಿ 1 ಡಿಗ್ರಿಯಷ್ಟು ಕೆಳಮುಖವಾಗಿಯೇ ಹೊಡೆಯುತ್ತಾರೆ. ಅವರ ವೇಗಕ್ಕೆ ಅದು ನಡೆಯುತ್ತದೆ. ಮಹಿಳೆಯರದು 95ರ ಆಸುಪಾಸು, ಅಟ್ಯಾಕ್ ಸುಮಾರು 3 ಡಿಗ್ರಿ ಮೇಲ್ಮುಖ. ನಿಮ್ಮ 88ಕ್ಕೆ ಮಾದರಿ ಅವರೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಡ್ರೈವರ್ ಉದ್ದದಲ್ಲಿ ಹಿಂದಿನ ಸಾಲಿನವರು, ಫೇರ್‌ವೇ ಮತ್ತು ಪಟರ್ ಅವರನ್ನು ಅಲ್ಲಿಗೆ ಒಯ್ದವು. ನಿಮ್ಮ ಗುರಿ +5 ಆಗಬೇಕಿಲ್ಲ; 0ಯಿಂದ +2, ಪಾಥ್ 0ಯ ಆಚೀಚೆ 2. ವೇಗ ಒಂದು ಮೈಲಿಯೂ ಹೆಚ್ಚದೆ, ನಡುಮುಖಕ್ಕೆ ತಗಲಿದ ಚೆಂಡಿನ ವೇಗ 127ರ ಸುತ್ತ ಬಂದು ಸ್ಪಿನ್ 3000ದ ಕೆಳಗಿಳಿದರೆ ಕ್ಯಾರಿ 190 ಗಜ ಮುಟ್ಟುತ್ತದೆ. ಆರರಿಂದ ಎಂಟು ವಾರ ಹಿಡಿಯಬಹುದು.

ಇನ್ನೊಂದು ಸಣ್ಣ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ಶೇ. 3.5ರಷ್ಟು ಹೆಚ್ಚು ದೂರ ಹೋಗುತ್ತದೆ, ಬಾಗುವುದೂ ಕೊಂಚ ಕಡಿಮೆ. ಮಂಗಳೂರಿನ ಪಿಲಿಕುಳಕ್ಕೆ ಆಡಲು ಹೋದಾಗ ಇಲ್ಲಿನ 210 ಅಲ್ಲಿ 203 ಆದರೆ, ಸತ್ತೇಹೋಯಿತು ಅಂದುಕೊಂಡಿದ್ದ ಸ್ಲೈಸ್ ತುಸು ತಲೆಯೆತ್ತಿದರೆ ಗಾಬರಿಯಾಗಿ ನಿಲುವು ಬದಲಿಸಬೇಡಿ.

ನಾಲ್ಕು ವಾರದ ನಂತರ ಮತ್ತೆ ಲಾಂಚ್ ಮಾನಿಟರ್ ಮುಂದೆ ನಿಂತಾಗ ಕ್ಯಾರಿ ನೋಡುವ ಮೊದಲು ಅಟ್ಯಾಕ್ ಮತ್ತು ಪಾಥ್ ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಪಾಥ್‌ನಿಂದ ಪ್ರತಿ ಡಿಗ್ರಿ ಇಳಿಮುಖಕ್ಕೆ ಒಂದು ಡಿಗ್ರಿ ಕಳೆಯಿರಿ, ಏರುಮುಖವಾಗಿದ್ದರೆ ಕೂಡಿ. ಬಂದದ್ದು ಚಕ್ರದ ದಿಕ್ಕು. ಈಗ ಅದು −11. ಅದು −3ಕ್ಕೆ ಬರುವ ತನಕ ಓರೆಯನ್ನೂ ಟೀಯನ್ನೂ ಇನ್ನಷ್ಟು ಹೆಚ್ಚಿಸಲು ಹೋಗಬೇಡಿ.